ಇಲಿಗಳ ಪಾಲಿನ ಅಣಬೆ

ಕುನುಗಿದಾನಿ, ಓಯಿತಾ
5 ಅಕ್ಟೋಬರ್ 1986

ಚಿಗುಸಾ,

ನಿನ್ನ ಇಲಿಗಳು ಕ್ಷೇಮವೇ? ನೀನು ಕ್ಷೇಮವೇ ಎಂದು ಆಮೇಲೆ ಕೇಳುತ್ತೇನೆ, ಯಾಕೆಂದರೆ ಈ ಡಬ್ಬಿ ಹೊರಟಿರುವುದು ಅವುಗಳ ಪಾಲಿಗೆ. ಒಳಗಿರುವುದು ವಸಂತದಲ್ಲಿ ಕೊಯ್ದು ಒಣಗಿಸಿದ ಶಿಟಾಕೆ ಅಣಬೆ. ದಪ್ಪ ಟೋಪಿ, ಒಳಕ್ಕೆ ಮಡಿಚಿದ ಅಂಚು, ಬೆನ್ನ ಮೇಲೆ ಬಿಳಿ ಬಿರುಕು. ಒಸಾಕಾದ ಹೋಟೆಲಿನವರು ತಲೆ ಬಾಗಿಸಿ ಕೊಂಡುಹೋಗುವ ಮಾಲು. ನೀನು ಲ್ಯಾಬಿನಲ್ಲಿ ಅದನ್ನು ಕುದಿಸಿ, ಸೋಸಿ, ಬಿಳಿ ಪುಡಿ ಮಾಡಿ ಇಲಿಗಳಿಗೆ ಕೊಡುತ್ತೀ. "ಆ ಇಲಿಗಳಿಗಿರೋ ಪುಣ್ಯ ನಂಗಿಲ್ವಲ್ಲ!" ಎಂದು ನಿನ್ನಮ್ಮ ಡಬ್ಬಿ ಕಟ್ಟುವಾಗೆಲ್ಲ ಗೊಣಗುತ್ತಾಳೆ.

ನೀನು ಕಳಿಸಿದ್ದ ಪೇಪರಿನ ತುಣುಕನ್ನು ಅಣಬೆ ಒಣಗಿಸುವ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. 'ಶಿಟಾಕೆಯ ಸತ್ವಕ್ಕೆ ಕರಗಿದ ಕ್ಯಾನ್ಸರ್ ಗಡ್ಡೆ' ಎಂಬ ತಲೆಬರಹ, ಕೆಳಗೆ ಬಿಳಿ ಕೋಟು ಹಾಕಿಕೊಂಡ ನಿನ್ನ ಫೋಟೋ. ಪಕ್ಕದ ಮನೆಯ ತಾಮೆಕಿಚಿ ಬಂದಾಗಲೆಲ್ಲ ಕನ್ನಡಕ ಏರಿಸಿಕೊಂಡು ಅದನ್ನು ಮೊದಲ ಸಲ ಎಂಬಂತೆ ಓದುತ್ತಾನೆ. "ಅಲ್ಲಯ್ಯಾ ಕುನಿಹಿಕೊ, ಇಷ್ಟು ವರ್ಷ ಔಷಧಿ ಬೆಳೆದು ಸಾರಿಗೆ ಹಾಕ್ಕೊಂಡು ತಿಂದ್ವಲ್ಲಯ್ಯಾ!" ಎನ್ನುತ್ತಾನೆ. ನನಗೆ ಹೆಮ್ಮೆಯಾಗುತ್ತದೆ. ಅವನಿಗೆ ತೋರಿಸಿಕೊಳ್ಳುವುದಿಲ್ಲ ಅಷ್ಟೇ.

ಗುಡುಗಿಗೆ ಅಣಬೆ ಏಳುತ್ತದಲ್ಲ, ಈ ಸಲ ಸರಿಯಾಗಿ ಗುಡುಗೇ ಬರಲಿಲ್ಲ. ಅಣಬೆ ಬಿತ್ತಿದ ಮರದ ಕೊರಡುಗಳೆಲ್ಲ ನಿದ್ದೆಯಲ್ಲೇ ಇದ್ದವು. ಸುತ್ತಿಗೆ ಹಿಡಿದು ಗುಡ್ಡ ಹತ್ತಿ ಒಂದೊಂದರ ತಲೆಗೂ ಪೆಟ್ಟು ಹಾಕಿ ಬಂದೆ. ನೀನು ಚಿಕ್ಕವಳಿದ್ದಾಗ ನನ್ನ ಹಿಂದೆ ಬಂದು "ಏಳ್ರೋ ಸೋಮಾರಿಗಳಾ, ಬೆಳಗಾಯ್ತು!" ಎಂದು ಅವುಗಳ ಮೇಲೆ ಕಿರುಚುತ್ತಿದ್ದೆ. ಈ ಸಲ ನಾನೇ ಕಿರುಚಿದೆ. ಆಮೇಲೆ ಸುಸ್ತಾಗಿ ಅಲ್ಲೇ ಕೂತುಬಿಟ್ಟೆ.

ಹಾಂ, ಹೊಟ್ಟೆಯ ವಿಷಯ. ಬೇಸಿಗೆಯಿಂದ ಉರಿ. ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರ್ ಹಿರೊಸೆ ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಹುಣ್ಣಂತೆ, ಕೊಯ್ದು ತೆಗೆಯಬೇಕಂತೆ. ಹುಣ್ಣಿಗೆಲ್ಲ ಹೊಟ್ಟೆ ಕೊಯ್ಯಿಸಿಕೊಳ್ಳುವಷ್ಟು ಪುರುಸೊತ್ತು ಯಾರಿಗಿದೆ? ಕುನುಗಿ ಮರಗಳ ಎಲೆ ಹಳದಿಯಾಗುವ ಹೊತ್ತು, ಇನ್ನೇನು ಹೊಸ ಕೊರಡಿಗೆ ಮರ ಕಡಿಯಬೇಕು. ಬೆಳಿಗ್ಗೆ ಸಂಜೆ ಶಿಟಾಕೆ ಕಷಾಯ ಕುಡಿಯುತ್ತಿದ್ದೇನೆ. ಮಗಳೇ ಡಾಕ್ಟರಾಗಿರುವಾಗ, ಇಲಿಗಳಿಗಾದರೂ ಸರಿ, ಬೇರೆ ಡಾಕ್ಟರು ಯಾಕೆ?

ಈಗ ಕೇಳುತ್ತೇನೆ: ನೀನು ಕ್ಷೇಮವೇ? ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ,
ಕುನಿಹಿಕೊ


ಕುನುಗಿದಾನಿ
9 ಅಕ್ಟೋಬರ್ 1986

ಚಿಗುಸಾ,

ಇದನ್ನು ಪೋಸ್ಟಾಫೀಸಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿಮ್ಮಪ್ಪನಿಗೆ ತಿಳಿಯಬಾರದು. ಈ ವಿಷಯಕ್ಕೆ ಮನೆಗೆ ಫೋನ್ ಮಾಡಬೇಡ, ಅವರು ಫೋನಿನ ಪಕ್ಕದಲ್ಲೇ ಕೂತಿರುತ್ತಾರೆ.

ಅವರ ಹೊಟ್ಟೆಯಲ್ಲಿರುವುದು ಹುಣ್ಣಲ್ಲ. ಕ್ಯಾನ್ಸರ್. ಅವರು ಬಟ್ಟೆ ಹಾಕಿಕೊಳ್ಳಲು ಹೋದಾಗ ಡಾಕ್ಟರ್ ಹಿರೊಸೆ ನನ್ನನ್ನು ಮಾತ್ರ ಒಳಗೆ ಕರೆದು ಹೇಳಿದರು. "ಅವರಿಗೆ ಹುಣ್ಣು ಅಂದಿದೀನಮ್ಮ, ನೀವೂ ಹಾಗೇ ಅನ್ನಿ. ಹೊಸ ವರ್ಷದೊಳಗೆ ಕೊಯ್ದ್ರೆ ಆಸೆ ಇದೆ. ವಸಂತದ ತನಕ ಬಿಟ್ರೆ ನನ್ನ ಕೈಲೇನೂ ಇರಲ್ಲ" ಎಂದರು. ನಾನು ತಲೆ ಬಾಗಿಸಿ ಉಪಕಾರವಾಯಿತು ಎಂದು ಹೇಳಿ ಬಂದೆ. ಎಂಥ ಉಪಕಾರವೋ! ಬಸ್ಸಿನಲ್ಲಿ ನಿಮ್ಮಪ್ಪ "ಯಾಕೆ ಮುಖ ಊದಿಸ್ಕೊಂಡಿದೀಯ, ಹಸಿವಾ?" ಎಂದರು. ಹೂಂ ಎಂದೆ. ಬಸ್ಸಿಳಿದ ಮೇಲೆ ನೂಡಲ್ಸ್ ಕೊಡಿಸಿದರು. ಪೂರ್ತಿ ತಿಂದೆ.

ಇಂಥದ್ದನ್ನು ರೋಗಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ನಿನಗೂ ಗೊತ್ತು. ನಿನ್ನ ಸೋದರಮಾವನಿಗೆ ಯಾರೋ ಬಾಯಿತಪ್ಪಿ ಹೇಳಿಬಿಟ್ಟರು. ಅವನು ಗೋಡೆ ಕಡೆ ತಿರುಗಿ ಮಲಗಿದವನು ಮತ್ತೆ ಈ ಕಡೆ ತಿರುಗಲೇ ಇಲ್ಲ.

ಇವರು ಆಪರೇಷನ್ ಬೇಡವೆಂದು ಹಟ ಹಿಡಿದಿದ್ದಾರೆ. ಬಾಗಿಲಿಗೆ ಅಂಟಿಸಿದ ಆ ಪೇಪರಿನ ಮುಂದೆ, ದೇವರ ಮುಂದೆ ನಿಂತ ಹಾಗೆ ನಿಂತು ಕಷಾಯ ಕುಡಿಯುತ್ತಾರೆ. ನಾನು ಏನಾದರೂ ಅಂದರೆ "ನೀನೇನು ಕಾಲೇಜಿಗೆ ಹೋಗಿದೀಯಾ?" ಎನ್ನುತ್ತಾರೆ. ನಿನ್ನ ಮಾತಾದರೆ ಕೇಳುತ್ತಾರೆ. ಹುಣ್ಣೆಂದೇ ಹೇಳಿ ಒಪ್ಪಿಸು. ಬೇರೆ ಒಂದಕ್ಷರವೂ ಬೇಡ.

ಅಮ್ಮ


ಸೆಂದಾಯ್
16 ಅಕ್ಟೋಬರ್ 1986

ಅಪ್ಪಾ,

ಅಣಬೆ ಬಂತು. ನಮ್ಮ ಲ್ಯಾಬಿನ ಪ್ರೊಫೆಸರ್ ಶಿರಾಕಿ ನಿನಗೆ ಧನ್ಯವಾದ ತಿಳಿಸಲು ಹೇಳಿದ್ದಾರೆ.

ಡಾಕ್ಟರ್ ಹಿರೊಸೆ ಹೇಳಿದ ಹಾಗೆ ಹುಣ್ಣನ್ನು ತೆಗೆಸಿಬಿಡುವುದೇ ಒಳ್ಳೆಯದು. ಹುಣ್ಣು ಬಲಿತರೆ ರಕ್ತ ಹೋಗಬಹುದು, ಹೊಟ್ಟೆಗೆ ತೂತು ಬೀಳಬಹುದು. ಈಗೆಲ್ಲ ಇದು ಹೆದರುವಂಥ ಆಪರೇಷನ್ ಅಲ್ಲ. ಮರ ಕಡಿಯಲು ಆಳುಗಳನ್ನು ಕರೆದರಾಯಿತು. ಕಷಾಯದಿಂದ ಕೆಡುಕಿಲ್ಲ, ಆದರೆ ಅದನ್ನೇ ನೆಚ್ಚಿಕೊಂಡು ಕೂರಬೇಡ. ನಮ್ಮ ಕೆಲಸ ಇನ್ನೂ ಇಲಿಗಳ ಮಟ್ಟದಲ್ಲಿದೆ.

ದಯವಿಟ್ಟು ಈ ತಿಂಗಳೇ ಆಸ್ಪತ್ರೆಗೆ ಸೇರಿಕೋ.

ಚಿಗುಸಾ


ಕುನುಗಿದಾನಿ
27 ಅಕ್ಟೋಬರ್ 1986

ಚಿಗುಸಾ,

ನಿನ್ನ ಕಾಗದವನ್ನು ಓದಿ, ಮತ್ತೆ ಓದಿದೆ. ನೀನು ಬರೆದದ್ದೋ, ಆಸ್ಪತ್ರೆಯ ಗೋಡೆಯಿಂದ ಯಾರಾದರೂ ಕಿತ್ತು ಕಳಿಸಿದ್ದೋ ಗೊತ್ತಾಗಲಿಲ್ಲ. ಇಲಿಗಳ ಬಗ್ಗೆ ಒಂದು ತಮಾಷೆಯಿಲ್ಲ. 'ದಯವಿಟ್ಟು' ಅಂತ ಬೇರೆ. ಅಪ್ಪನಿಗೆ ಯಾರಾದರೂ ದಯವಿಟ್ಟು ಎನ್ನುತ್ತಾರೇನೇ?

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಕ್ಯಾನ್ಸರ್ ಗಡ್ಡೆಯನ್ನೇ ಕರಗಿಸುವ ವಸ್ತು ಒಂದು ಹುಣ್ಣನ್ನು ಒಣಗಿಸಲಾರದೇ? ದೊಡ್ಡ ಕಳ್ಳನನ್ನು ಹಿಡಿಯುವ ಪೊಲೀಸಿಗೆ ಚಿಕ್ಕ ಕಳ್ಳ ಸಿಗುವುದಿಲ್ಲವೇ? ತಾಮೆಕಿಚಿಯನ್ನೂ ಕೇಳಿದೆ. ಅವನೂ ಇದನ್ನೇ ಅಂದ. ಅವನಿಗೂ ಮಂಡಿನೋವಿಗೆಂದು ಒಂದು ಲೋಟ ಶುರುಮಾಡಿಸಿದ್ದೇನೆ.

ನಿನ್ನ ಕೆಲಸದಲ್ಲಿ ನಿನಗೇ ನಂಬಿಕೆಯಿಲ್ಲವೆಂದು ಊರಿನವರಿಗೆ ಹೇಳಲೇ? ನನಗಂತೂ ಇದೆ. ನಮ್ಮಪ್ಪ, ಅವರಪ್ಪ, ಎಲ್ಲರೂ ಈ ಗುಡ್ಡದಲ್ಲೇ ಬೆನ್ನು ಬಗ್ಗಿಸಿದರು. ಅವರು ಬೆಳೆದದ್ದು ಒಂದು ದಿನ ಜನರ ಪ್ರಾಣ ಉಳಿಸುತ್ತದೆ ಎಂದರೆ ನಾನು ನಂಬದೆ ಇನ್ನು ಯಾರು ನಂಬಬೇಕು? ಅದೂ ನನ್ನ ಮಗಳೇ ಕಂಡುಹಿಡಿದಿರುವಾಗ!

ಮರಗಳನ್ನು ಉರುಳಿಸಿ ಎಲೆಯ ಸಮೇತ ಒಣಗಲು ಬಿಡಬೇಕು. ಚಳಿಯಲ್ಲಿ ಕೊರಡು ಕೊಯ್ಯಬೇಕು. ಮಾರ್ಚಿನಲ್ಲಿ ಕೊರಡಿಗೆ ತೂತು ಕೊರೆದು ಅಣಬೆ ಬೀಜದ ಬೆಣೆ ಹೊಡೆಯಬೇಕು. ಅದೆಲ್ಲ ಮುಗಿದ ಮೇಲೂ ಉರಿ ಇದ್ದರೆ ಏಪ್ರಿಲಿನಲ್ಲಿ ನೋಡೋಣ.

ಅಪ್ಪ


ಸೆಂದಾಯ್
3 ನವೆಂಬರ್ 1986

ಅಮ್ಮಾ,

ಅಪ್ಪ ಒಪ್ಪಲಿಲ್ಲ. ಒಪ್ಪುವುದೂ ಇಲ್ಲ. ಹುಣ್ಣೆಂದು ಹೇಳಿದಷ್ಟೂ ಅವನು ಕಷಾಯವನ್ನೇ ನಂಬುತ್ತಾನೆ, ತಪ್ಪು ಅವನದಲ್ಲ. ಏಪ್ರಿಲಂತೆ. ಡಾಕ್ಟರು ಹೇಳಿದ್ದು ನೀನೇ ಬರೆದಿದ್ದೀ.

ನಾನು ಅವನಿಗೆ ನಿಜ ಹೇಳುತ್ತೇನೆ. ನಿನಗೆ ಮೊದಲೇ ತಿಳಿಸಬೇಕೆಂದು ಬರೆದೆ.

ಚಿಗುಸಾ


ಕುನುಗಿದಾನಿ
8 ನವೆಂಬರ್ 1986

ಚಿಗುಸಾ,

ಹೇಳಕೂಡದು. ಅವರು ಗೋಡೆ ಕಡೆ ತಿರುಗಿದರೆ ಎದುರಿಗೆ ಕೂತು ನೋಡುವವಳು ನಾನು, ನೀನಲ್ಲ. ಹೇಳುವುದಾದರೆ ಹೊಸ ವರ್ಷಕ್ಕೆ ಈ ಮನೆಗೆ ಬರಬೇಡ.

ಅಮ್ಮ


ಸೆಂದಾಯ್
14 ನವೆಂಬರ್ 1986

ಅಪ್ಪಾ,

ಇದನ್ನು ಕೂತು ಓದು. ಹತ್ತಿರ ಅಮ್ಮ ಇರಲಿ.

ಹೋದ ಸಲ ನಾನು ಬರೆದದ್ದು ಸುಳ್ಳು. ನಿನ್ನ ಹೊಟ್ಟೆಯಲ್ಲಿರುವುದು ಹುಣ್ಣಲ್ಲ, ಕ್ಯಾನ್ಸರ್. ಹೊಸ ವರ್ಷದೊಳಗೆ ಕೊಯ್ದು ತೆಗೆದರೆ ಉಳಿಯುವ ಆಸೆಯಿದೆ ಎಂದು ಡಾಕ್ಟರ್ ಹಿರೊಸೆ ಹೇಳಿದ್ದಾರೆ. ಏಪ್ರಿಲಿಗೆ ಬಿಟ್ಟರೆ ಇಲ್ಲ. ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡ. ಎಲ್ಲರ ಮನೆಯಲ್ಲಿ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಪದ್ಧತಿ ಮುರಿದವಳು ನಾನು.

ಗಡ್ಡೆ ಕರಗಿಸುವುದು ಹುಣ್ಣು ಒಣಗಿಸಲಾರದೇ ಎಂದು ನೀನು ಕೇಳಿದ್ದೆ. ಉತ್ತರ ಹೇಳುತ್ತೇನೆ. ನಿನ್ನ ಅಣಬೆಯಿಂದ ನಾವು ತೆಗೆಯುವುದು ಸಕ್ಕರೆಯ ಕಣಗಳು ಹೆಣೆದುಕೊಂಡ ಒಂದು ಉದ್ದನೆಯ ಸರ. ಬಹಳ ದೊಡ್ಡದು. ಕುಡಿದರೆ ಅದು ಕರುಳಿನಿಂದ ರಕ್ತಕ್ಕೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಇಲಿಗಳಿಗೆ ನಾವು ಕುಡಿಸುವುದಿಲ್ಲ, ಸೂಜಿಯಲ್ಲಿ ಚುಚ್ಚುತ್ತೇವೆ. ಇಲಿಗಳಿಗೆ ಬಂದ ಗಡ್ಡೆಯೂ ತಾನಾಗಿ ಬಂದದ್ದಲ್ಲ, ನಾವೇ ಇಟ್ಟದ್ದು. ಕೆಲವು ಇಲಿಗಳಲ್ಲಿ ಕರಗಿತು. ಕೆಲವು ಇಲಿಗಳು ಸತ್ತವು. ಪೇಪರಿನವರು ಮೊದಲನೆಯದನ್ನು ಮಾತ್ರ ಹಾಕಿದರು, ನಾನು ಖುಷಿಯಲ್ಲಿ ಅದನ್ನು ಕತ್ತರಿಸಿ ನಿನಗೆ ಕಳಿಸಿದೆ.

ಇನ್ನೊಂದು. ಅದು ಗಡ್ಡೆಯನ್ನು ತಾನೇ ಕೊಲ್ಲುವುದೂ ಅಲ್ಲ. ನಮಗೆ ತಿಳಿದ ಮಟ್ಟಿಗೆ, ಮೈಯೊಳಗಿನ ಕಾವಲಿನವರನ್ನು ಎಬ್ಬಿಸುತ್ತದೆ. ನೀನು ಸುತ್ತಿಗೆ ಹಿಡಿದು ಗುಡ್ಡ ಹತ್ತುತ್ತೀಯಲ್ಲ, ಅಂಥ ಕೆಲಸ. ಮನುಷ್ಯರಿಗೆ ಕೊಡುವ ಔಷಧಿ ಹೋದ ವರ್ಷದಿಂದ ಆಸ್ಪತ್ರೆಗಳಲ್ಲಿದೆ. ಅದನ್ನೂ ರಕ್ತನಾಳದೊಳಗೇ ಕೊಡುತ್ತಾರೆ, ಬೇರೆ ಕ್ಯಾನ್ಸರ್ ಔಷಧಿಯ ಜೊತೆಗೆ. ಕೆಲವರು ಒಂದಷ್ಟು ಹೆಚ್ಚು ಕಾಲ ಬದುಕಿದ್ದಾರೆ. ಅಷ್ಟೇ. ಅದು ಸಣ್ಣ ವಿಷಯವಲ್ಲ ಅಪ್ಪಾ, ನನ್ನ ಜೀವನ ಪೂರ್ತಿ ಅದಕ್ಕೇ ಕೊಡುತ್ತೇನೆ. ಆದರೆ ಚಾಕು ಮಾಡುವ ಕೆಲಸವನ್ನು ಅದು ಮಾಡಲಾರದು.

ಕೊರಡಿಗೆ ಹಸಿರು ಬೂಷ್ಟು ಹತ್ತಿದರೆ ನೀನು ಏನು ಮಾಡುತ್ತೀ? ಒಂದು ದಿನವೂ ಬಿಡದೆ ಎತ್ತಿ ಹೊರಗೆ ಹಾಕುತ್ತೀ. "ಬೆಣೆ ಹೊಡೆದಿದೀನಿ, ಶಿಟಾಕೆ ತಾನೇ ಅದನ್ನ ಸೋಲಿಸ್ಲಿ" ಎಂದು ಕಾದದ್ದನ್ನು ನಾನು ನೋಡಿಲ್ಲ.

ಅಮ್ಮ ಹೊಸ ವರ್ಷಕ್ಕೆ ಬರಬೇಡ ಎಂದಿದ್ದಾಳೆ. ನೀನೂ ಹಾಗೇ ಹೇಳಿದರೆ ಬರುವುದಿಲ್ಲ. ನನಗೆ ತುಂಬಾ ಭಯವಾಗಿದೆ. ಬಾಗಿಲಿನ ಪೇಪರನ್ನು ಕಿತ್ತುಹಾಕು. ಆ ಪೇಪರನ್ನು ನಂಬಬೇಡ, ನನ್ನನ್ನು ನಂಬು.

ಚಿಗುಸಾ


ಕುನುಗಿದಾನಿ
26 ನವೆಂಬರ್ 1986

ಚಿಗುಸಾ,

ಹೇಳಿಬಿಟ್ಟೆಯಲ್ಲ.

ಅವರು ಹೊಸ್ತಿಲ ಮೇಲೆ ಕೂತು ಓದಿದರು. ನಾನು ಮೂಲಂಗಿ ಹೆಚ್ಚುತ್ತಿದ್ದೆ. ಓದಿ ಮುಗಿಸಿ ಕಾಗದ ಮಡಿಚಿ ಅಂಗಿಯೊಳಗೆ ಇಟ್ಟುಕೊಂಡು, ಸುತ್ತಿಗೆ ತೆಗೆದುಕೊಂಡು ಗುಡ್ಡ ಹತ್ತಿದರು. ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಟಕ್ ಟಕ್ ಎಂದು ಸದ್ದು. ಕೊಯ್ಲು ಮುಗಿದಿದೆ, ಈಗ ಕೊರಡು ಬಡಿಯುವ ಕಾಲವೇ ಅಲ್ಲ. ತಾಮೆಕಿಚಿ ಓಡಿಬಂದು "ಅತ್ತಿಗೇ, ಅವನಿಗೇನಾಯ್ತು? ಮಲಗಿರೋ ಕೊರಡುಗಳನ್ನೆಲ್ಲ ಎಬ್ಬಿಸ್ತಾ ಇದಾನಲ್ಲ!" ಎಂದ. ನಾನು ಅಡಿಗೆಮನೆಯಲ್ಲಿ ಕೂತು ಆ ಸದ್ದು ಕೇಳುತ್ತಾ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ.

ಕತ್ತಲಾಗುವ ಮೊದಲು ಇಳಿದು ಬಂದರು. ಕೈ ತೊಳೆದರು. "ನಿಂಗೂ ಗೊತ್ತಿತ್ತಾ?" ಎಂದು ಕೇಳಿದರು. ಗೊತ್ತಿತ್ತು ಎಂದೆ. ಬೈಯುತ್ತಾರೆ ಎಂದುಕೊಂಡೆ. "ಆವತ್ತು ನೂಡಲ್ಸ್ ತಿಂದ್ಯಲ್ಲ, ಆವಾಗ್ಲೂ ಗೊತ್ತಿತ್ತಾ?" ಎಂದರು. ಹೂಂ ಎಂದೆ. "ಪಾಪ, ಹೇಗೆ ತಿಂದ್ಯೇ" ಎಂದರು. ಅಷ್ಟೇ ಕಣೇ ಅಂದದ್ದು. ನಾನು ಅತ್ತುಬಿಟ್ಟೆ.

ಆ ರಾತ್ರಿ ಅವರು ಗೋಡೆ ಕಡೆ ತಿರುಗುತ್ತಾರೋ ಎಂದು ನೋಡುತ್ತಲೇ ಇದ್ದೆ. ಸೂರು ನೋಡುತ್ತಾ ಮಲಗಿದ್ದರು. ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು "ಬಸ್ಸು ಎಷ್ಟೊತ್ತಿಗೆ?" ಎಂದರು. ಆಪರೇಷನ್ ಡಿಸೆಂಬರ್ ಮೊದಲ ವಾರ. ಮರಗಳನ್ನು ಉರುಳಿಸಲು ತಾಮೆಕಿಚಿಯೂ ಅವನ ಅಳಿಯನೂ ಬರುತ್ತಾರೆ.

ನಿನ್ನ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಬರೆಯಬೇಕಾದದ್ದು ಬರೆದಿದ್ದೇನೆ.

ಅಮ್ಮ


ಪಟ್ಟಣದ ಆಸ್ಪತ್ರೆ
21 ಡಿಸೆಂಬರ್ 1986

ಚಿಗುಸಾ,

ಹೊಟ್ಟೆಯ ಮುಕ್ಕಾಲು ಭಾಗ ಹೋಯಿತು. ಉಳಿದ ಕಾಲು ಭಾಗದಲ್ಲಿ ಗಂಜಿ ತುಂಬಿಕೊಳ್ಳುತ್ತಿದ್ದೇನೆ, ಚಮಚ ಚಮಚವಾಗಿ, ಹಕ್ಕಿಮರಿಯ ಹಾಗೆ.

ಕೈಗೆ ಬಾಟಲಿಯಿಂದ ಔಷಧಿ ಇಳಿಯುತ್ತದೆ. ಒಂದು ಔಷಧಿಯಿಂದ ವಾಂತಿ ಬರುತ್ತದೆ. ಇನ್ನೊಂದು ನಿನ್ನದು. ನರ್ಸನ್ನು "ಏನಮ್ಮಾ, ಇದು ಕೊರಡಿನ ಶಿಟಾಕೇದಾ, ಮರದ ಹೊಟ್ಟಿನ ಚೀಲದಲ್ಲಿ ಬೆಳೆದಿದ್ದಾ?" ಎಂದು ಕೇಳಿದೆ. ಪಾಪ, ಹುಡುಗಿ ಬಾಟಲಿ ತಿರುಗಿಸಿ ತಿರುಗಿಸಿ ನೋಡಿ "ಬರೆದಿಲ್ಲ ತಾತಾ" ಅಂದಳು. ನೀನು ವಿಚಾರಿಸಿ ತಿಳಿಸು. ಆ ಅಗ್ಗದ ಹೊಟ್ಟಿನದಾದರೆ ನಾನು ಯಾರಿಗೂ ಹೇಳುವುದಿಲ್ಲ.

ನಿನ್ನ ಕಾಗದದ ಪೆಟ್ಟು ಸರಿಯಾಗಿ ಬಿತ್ತು. ಆವತ್ತು ಗುಡ್ಡದ ಮೇಲೆ ತುಂಬಾ ಹೆದರಿದ್ದೆ, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಸುಮ್ಮನೆ ಕೂತರೆ ಎದೆ ಒಡೆಯುತ್ತದೆ ಎಂದು ಸುತ್ತಿಗೆ ಬೀಸಿದೆ. ಬೀಸುತ್ತಾ ಬೀಸುತ್ತಾ ಸಿಟ್ಟು ಬಂತು. ಹೇಳಿದ್ದಕ್ಕಲ್ಲ, ತಡವಾಗಿ ಹೇಳಿದ್ದಕ್ಕೆ. ನನ್ನ ಹೊಟ್ಟೆಯ ವಿಷಯ ಡಾಕ್ಟರಿಗೆ ಗೊತ್ತು, ನಿಮ್ಮಮ್ಮನಿಗೆ ಗೊತ್ತು, ಸೆಂದಾಯ್‌ನಲ್ಲಿ ಕೂತ ನಿನಗೆ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ! ಹೊಟ್ಟೆ ಯಾರದ್ದು?

ಪೇಪರನ್ನು ಕಿತ್ತುಹಾಕಲಿಲ್ಲ. ಫೋಟೋ ಚೆನ್ನಾಗಿದೆ. ತಲೆಬರಹವನ್ನು ಮಾತ್ರ ಕತ್ತರಿಸಿದೆ.

ಹೊಸ ವರ್ಷಕ್ಕೆ ಬಾ. ಅಮ್ಮ ಬೇಡವೆಂದದ್ದು ಮನೆಗೆ ತಾನೇ, ಆಸ್ಪತ್ರೆಗೆ ಬಾ.

ಅಪ್ಪ


ಕುನುಗಿದಾನಿ
2 ಏಪ್ರಿಲ್ 1987

ಚಿಗುಸಾ,

ನೀನು ಹೊಸ ವರ್ಷಕ್ಕೆ ಬಂದು ಹೋದ ಮೇಲೆ ನಾನು ಬರೆದೇ ಇಲ್ಲ. ಬಂದಾಗಲೂ ಇಬ್ಬರೂ ಆಸ್ಪತ್ರೆಯ ಮಂಚದ ಎರಡು ಕಡೆ ಕೂತು ಅವರ ಹತ್ತಿರವೇ ಮಾತಾಡಿದೆವು. ಕೊನೆಯ ದಿನ ನೀನು ಮನೆಗೆ ಬಂದು ಪಾತ್ರೆ ತೊಳೆದೆ, ನಾನು ಒರೆಸಿಟ್ಟೆ. ನೀನು ನಿನ್ನಷ್ಟಕ್ಕೆ ಒಂದು ಮಾತು ಅಂದೆ, ಅಪ್ಪ ಕಳಿಸಿದ ಅಣಬೆಯಲ್ಲಿ ಒಂದನ್ನೂ ಇಲ್ಲಿಯವರೆಗೆ ತಿಂದಿಲ್ಲ, ಎಲ್ಲ ಲ್ಯಾಬಿಗೇ ಹೋಯಿತು ಎಂದು. ನಾನು ಕೇಳಿಸದವಳ ಹಾಗೆ ಇದ್ದೆ. ಕೇಳಿಸಿತ್ತು.

ನಿಮ್ಮಪ್ಪ ಸೊರಗಿದ್ದಾರೆ. ಮಧ್ಯಾಹ್ನ ಮಲಗುತ್ತಾರೆ. ಆದರೂ ಹೊಸ ಕೊರಡುಗಳಿಗೆ ಬೆಣೆ ಹೊಡೆಸಿದರು. ಹೊಡೆದವಳು ನಾನು, ಅವರು ಸ್ಟೂಲಿನ ಮೇಲೆ ಕೂತು "ಓರೆಯಾಯ್ತು, ಓರೆಯಾಯ್ತು" ಎಂದು ನನ್ನ ಪ್ರಾಣ ತಿಂದರು. ಹಳೆಯ ಕೊರಡುಗಳನ್ನು ಎಬ್ಬಿಸಲೂ ನಾನೇ ಹೋಗಬೇಕಾಯಿತು. "ಬರೀ ಬಡಿದ್ರೆ ಸಾಕಾ? ಕೂಗು!" ಎಂದರು. ಈ ವಯಸ್ಸಿನಲ್ಲಿ ಗುಡ್ಡದ ಮೇಲೆ ನಿಂತು ಕೊರಡುಗಳ ಮೇಲೆ ಕಿರುಚಿದೆ, ನೀನು ಕಿರುಚುತ್ತಿದ್ದ ಹಾಗೇ. ಕೆಳಗಿನಿಂದ ತಾಮೆಕಿಚಿ "ಎದ್ವಿ ಅತ್ತಿಗೇ, ಎದ್ವಿ!" ಎಂದು ಕೂಗಿದ. ಅವನ ಮುಸುಡಿಗಿಷ್ಟು!

ಹೋದ ವಾರ ಪರೀಕ್ಷೆಗೆ ಹೋಗಿದ್ದೆವು. ಅವರು ಬಟ್ಟೆ ಹಾಕಿಕೊಳ್ಳಲು ಹೋದಾಗ ಡಾಕ್ಟರ್ ಹಿರೊಸೆ ಹಿಂದಿನ ಹಾಗೇ ನನ್ನನ್ನು ಒಳಗೆ ಕರೆದರು. ನಾನು ಬಾಗಿಲಲ್ಲೇ ನಿಂತೆ. "ಡಾಕ್ಟರೇ, ಅವರೂ ಬರ್ಲಿ. ಇಬ್ಬರ ಮುಂದೇನೇ ಹೇಳಿ" ಎಂದೆ. ಡಾಕ್ಟರು ನನ್ನ ಮುಖವನ್ನೇ ನೋಡಿದರು. ಆಮೇಲೆ ಇನ್ನೊಂದು ಕುರ್ಚಿ ತರಿಸಿದರು. ಈಗ ಗಡ್ಡೆ ಕಾಣುತ್ತಿಲ್ಲ, ಮತ್ತೆ ಬರುವುದಿಲ್ಲವೆಂದು ಮಾತು ಕೊಡಲಾರೆ ಎಂದು ನಿಮ್ಮಪ್ಪನ ಮುಖ ನೋಡಿಯೇ ಹೇಳಿದರು. ನಿಮ್ಮಪ್ಪ "ಸರಿ, ಕೊರಡಿಗೂ ಯಾರೂ ಮಾತು ಕೊಡಲ್ಲ" ಎಂದರು. ಈಗ ಬೆಣೆ ಹೊಡೆದ ಕೊರಡಿನಲ್ಲಿ ಅಣಬೆ ಏಳುವುದು ಬರುವ ವರ್ಷದ ಶರತ್ಕಾಲಕ್ಕೆ. ಆಗ ಕೊಯ್ಯಲು ನೀನು ರಜೆ ಹಾಕಿ ಬರಬೇಕಂತೆ, ಈಗಲೇ ಕೇಳಿಟ್ಟುಕೊಳ್ಳಬೇಕಂತೆ.

ಇನ್ನೊಂದು ತಮಾಷೆ ಕೇಳು. ಉಳಿದ ಹೊಟ್ಟೆಗೆ ಅರಗುವುದಿಲ್ಲ, ಅಣಬೆ ತಿನ್ನಬೇಡಿ ಎಂದು ಡಾಕ್ಟರು ಕಟ್ಟಾಜ್ಞೆ ಮಾಡಿದ್ದಾರೆ. ಬಸ್ಸಿನಲ್ಲಿ ಬರುವಾಗ ನಿಮ್ಮಪ್ಪ ಅಳುವುದೋ ನಗುವುದೋ ತಿಳಿಯದೆ ಕೂತಿದ್ದರು. ನಾನು ನಕ್ಕುಬಿಟ್ಟೆ. ಆಮೇಲೆ ಅವರೂ ನಕ್ಕರು.

ಈ ಡಬ್ಬಿಯನ್ನು ಅವರೇ ಆರಿಸಿ ತುಂಬಿದ್ದು, ನಾನು ಕಟ್ಟಿದ್ದು. ಇದು ಇಲಿಗಳ ಪಾಲಲ್ಲ. ನಿಮ್ಮಪ್ಪನ ಪಾಲು. ಒಂದನ್ನು ಲ್ಯಾಬಿಗೆ ಒಯ್ದರೂ ನನಗೆ ಗೊತ್ತಾಗುತ್ತದೆ. ರಾತ್ರಿ ತಣ್ಣೀರಿನಲ್ಲಿ ನೆನೆಹಾಕು, ಬಿಸಿನೀರಿನಲ್ಲಲ್ಲ. ನೆನೆಸಿದ ನೀರು ಚೆಲ್ಲಬೇಡ. ಸೋಯಾ ಸಾಸ್ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ, ಬಿಸಿ ಅನ್ನದ ಜೊತೆ ಕೂತು ತಿನ್ನು, ನಿಂತುಕೊಂಡಲ್ಲ.

ತಿಂದು ರುಚಿ ಹೇಗಿತ್ತೆಂದು ಬರೆ. ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಕಾಯುತ್ತಾ ಇರುತ್ತಾರೆ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿದೆ ಎಂದು ಬರೆಯಬೇಡ. ಇದ್ದದ್ದನ್ನು ಇದ್ದ ಹಾಗೇ ಬರೆ.

ನಿನ್ನ ಅಮ್ಮ,
ಕಿನುಯೆ